ಬಲಗಡೆಯ ಡಬ್ಬ

"ಅಕ್ಕಾ, ಸ್ವಲ್ಪ ಏಳಿ. ಆ ವಾಲ್ವ್ ತಿರುಗಿಸಬೇಕು."

"ತಿರುಗಿಸಪ್ಪಾ. ಮೊದಲು ನನ್ನನ್ನ ಎತ್ತಿ ಆ ಕಡೆ ಇಡು, ಆಮೇಲೆ ತಿರುಗಿಸು. ಎಂಬತ್ತೆರಡು ಕೆ.ಜಿ. ಇದೀನಿ. ಸೊಂಟ ಜೋಪಾನ."

ನೀರು ಖಾಲಿ ಮಾಡಲು ಬಂದ ಪಂಪಿನವರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬನಿಗೆ ನಗು ಬಂತು, ನುಂಗಿಕೊಂಡ.

ಕಣ್ಣಾಸ್ಪತ್ರೆಯ ಹಜಾರದಲ್ಲಿ, ಎಂಟಡಿ ಉದ್ದದ ಗಾಜಿನ ಮೀನಿನ ತೊಟ್ಟಿಗೆ ಬೆನ್ನು ಕೊಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಆ ತೊಟ್ಟಿ ಜೋಡಿಸಿದ ಮೀನಕ್ಕ ಕೂತು ಆಗಲೇ ಅರ್ಧ ಗಂಟೆಯಾಗಿತ್ತು. ತೊಟ್ಟಿಯನ್ನು ಬರಿದು ಮಾಡುವ ವಾಲ್ವ್ ಅವಳ ಬೆನ್ನಿಗೆ ಒತ್ತುತ್ತಿತ್ತು. ಒತ್ತಲಿ. ಅದು ಅಲ್ಲೇ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಮೂರು ದಿನದ ಹಿಂದೆ, ಸೋಮವಾರ ಬೆಳಿಗ್ಗೆ, ಇದೇ ತೊಟ್ಟಿಯ ಮುಂದೆ ದೊಡ್ಡ ಡಾಕ್ಟರು ತಲೆಗೆ ಪೆಟ್ಟಾಗಿ ಹೆಣವಾಗಿ ಸಿಕ್ಕಿದ್ದರು. ಫಿಲ್ಟರಿನ ಪೈಪು ಬಿಗಿಯದೆ ನೀರು ಸುರಿದು ಅವರು ಜಾರಿದರೆಂದು, ತೊಟ್ಟಿ ತೊಳೆಯುವ ಕೆಲಸದ ಮೀನಕ್ಕನ ತಮ್ಮನನ್ನು ಪೊಲೀಸರು ಒಳಗೆ ಹಾಕಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ತೊಟ್ಟಿಯೂ ಹೋದರೆ ತಮ್ಮನ ಪರವಾಗಿ ಮಾತಾಡಲು ಇನ್ನೇನೂ ಉಳಿಯುವುದಿಲ್ಲ.

"ಇನ್ನೂ ಎದ್ದಿಲ್ವಾ ಇವಳು?"

ಮೆಟ್ಟಿಲಿಳಿದು ಬಂದವನು ದೊಡ್ಡ ಡಾಕ್ಟರ ಅಳಿಯ. ವೈದ್ಯನಲ್ಲ. ಆಸ್ಪತ್ರೆಯ ಕಟ್ಟಡ, ಕುರ್ಚಿ, ಕೀಲಿಕೈ ನೋಡಿಕೊಳ್ಳುವವನು. ಮಾವ ಹೋದ ಮೇಲೆ ಉಳಿದದ್ದನ್ನೂ ನೋಡಿಕೊಳ್ಳತೊಡಗಿದ್ದ.

"ಎದ್ದರೆ ನೀವು ಕೂರ್ತೀರಾ, ಅಳಿಯಂದ್ರೇ? ಬಕೆಟ್ ಒಂದೇ ಇರೋದು."

"ನೋಡಮ್ಮ, ಈ ತೊಟ್ಟಿ ಒಂದು ಜೀವ ತೆಗೆದಿದೆ. ನನ್ನ ಹೆಂಡತಿ ಈ ಕಡೆ ತಲೆ ಹಾಕೋಕೂ ಹೆದರ್ತಾಳೆ. ಸಂಜೆಯೊಳಗೆ ಇದು ಇಲ್ಲಿರಬಾರದು."

"ತೊಟ್ಟಿ ಜೀವ ತೆಗೆಯಲ್ಲ, ಸಾರ್. ಸಾಕುತ್ತೆ."

ಅವನು ತಾನೇ ಮುಂದೆ ಬಂದು ತೊಟ್ಟಿಯ ಕೆಳಗಿನ ಬೀರುವಿನ ಬಲಗಡೆಯ ಬಾಗಿಲಿಗೆ ಕೈ ಹಾಕಿದ. ಎಳೆದ. ಬಾಗಿಲು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದ. ಕೊನೆಗೆ ಬೂಟುಗಾಲಿನಿಂದ ಒಂದು ಒದೆ ಕೊಟ್ಟ.

"ಅದು ಹಟಮಾರಿ ಬಾಗಿಲು ಕಣಪ್ಪ," ಎಂದಳು ಆಯಾ, ಗೋಡೆಗೆ ಒರಗಿಸಿದ ಒರೆಸುಕೋಲಿನ ಪಕ್ಕದಿಂದ. "ಮಂಡಿಯಲ್ಲಿ ಒತ್ತಿ, ಮೇಲೆತ್ತಿ ಎಳೀಬೇಕು. ನಂಗೇ ಇಷ್ಟು ವರ್ಷದಲ್ಲಿ ಬಗ್ಗಿಲ್ಲ."

"ಯಾರು ಕೇಳಿದ್ರು ನಿನ್ನ?" ಎಂದು ಗದರಿ, ಅಳಿಯ ಫೋನು ತೆಗೆದು ಹೊರಗೆ ಹೋದ.

ಆಗ ಮೀನಕ್ಕನಿಗೆ ಪಂಪಿನವರ ಸಾಮಾನುಗಳತ್ತ ಕಣ್ಣು ಹೋಯಿತು. ಪಂಪು, ಸುರುಳಿ ಸುತ್ತಿದ ಪೈಪು, ನಾಲ್ಕು ಗೋಣಿಚೀಲ. ಅದರ ಮೇಲೆ, ಹೊಚ್ಚ ಹೊಸದಾದ ಒಂದು ಜರಡಿ.

ಮನಸ್ಸಿನಲ್ಲೇ ಒಂದು ಗಂಟು ಹಾಕಿಕೊಂಡಳು.

*

ಹತ್ತು ನಿಮಿಷಕ್ಕೆ ಇನ್‌ಸ್ಪೆಕ್ಟರ್ ಬಂದರು, ಹಿಂದೊಬ್ಬ ಪೇದೆ. ಮೆತ್ತಗೆ ಮಾತಾಡುವ ಮನುಷ್ಯ, ಆಗಾಗ ಕನ್ನಡಕ ತೆಗೆದು ಕರವಸ್ತ್ರದಿಂದ ಒರೆಸಿಕೊಳ್ಳುವ ಅಭ್ಯಾಸ. ತಮ್ಮನನ್ನು ಕರೆದೊಯ್ದ ದಿನವೂ ಇವರು ದನಿ ಏರಿಸಿರಲಿಲ್ಲ.

"ಏನಮ್ಮ ಇದು? ನಿಮ್ಮಂಥವರು ಹೀಗೆ ಹಟ ಮಾಡಬಹುದಾ?"

"ನನ್ನಂಥವರು ಹಟ ಮಾಡದೆ ಇದ್ರೆ ನಿಮ್ಮಂಥವರ ಕೆಲಸ ಬೇಗ ಮುಗಿದುಬಿಡುತ್ತೆ ಸಾರ್. ಅದೇ ಭಯ. ಒಂದು ಕಾಲು ಗಂಟೆ ಕೊಡಿ. ನಾನು ತೋರಿಸೋದು ಸುಳ್ಳಾದ್ರೆ ನಾನೇ ವಾಲ್ವ್ ತಿರುಗಿಸ್ತೀನಿ. ಪೇದೆಯವರು ನನ್ನನ್ನೂ ಕರ್ಕೊಂಡು ಹೋಗಲಿ, ತಮ್ಮನಿಗೆ ಜೊತೆಯಾಗುತ್ತೆ."

ಇನ್‌ಸ್ಪೆಕ್ಟರ್ ಗಡಿಯಾರ ನೋಡಿದರು. ಅಳಿಯನ ಮುಖ ನೋಡಿದರು. "ಹೇಳಿ."

"ಈ ಬೀರುವಿನ ಬಾಗಿಲು ತೆಗೆದು ನೋಡಿದ್ರಾ ನಿಮ್ಮವರು?"

"ಇಲ್ಲ. ಬಲಗಡೆ ಬಾಗಿಲ ಮುಂದೆ ನೀರು ಚೆಲ್ಲಿತ್ತು, ಹೆಣ ತೊಟ್ಟಿಯ ಮುಂದೇ ಇತ್ತು. ಆ ಬಾಗಿಲನ್ನ ಯಾರೂ ಮುಟ್ಟಿಲ್ಲ."

"ಸರಿ. ಆಯಮ್ಮಾ, ಬಾ ಇಲ್ಲಿ. ಸೋಮವಾರ ನೆಲ ಒರೆಸಿದ್ದು ನೀನೇ ಅಲ್ವಾ? ಎಷ್ಟು ನೀರಿತ್ತು?"

"ಎಷ್ಟು ಅಂದ್ರೆ… ಒಂದು ಊಟದ ಎಲೆ ಹಾಸೋವಷ್ಟು ಜಾಗ. ಬಟ್ಟೆ ಹಿಂಡಿದ್ರೆ ಎರಡು ಚೊಂಬು ಬಂತೇನೋ. ಕಂದು ಬಣ್ಣ, ಕೆಸರಿನ ವಾಸನೆ."

"ಕೇಳಿಸ್ಕೊಂಡ್ರಾ ಸಾರ್?" ಮೀನಕ್ಕ ಎದ್ದೇಬಿಟ್ಟಳು. ಎದ್ದದ್ದು ಅವಳಿಗೇ ಆಮೇಲೆ ಗೊತ್ತಾಯಿತು. "ಈ ತೊಟ್ಟಿಯಲ್ಲಿ ಸಾವಿರದ ನೂರು ಲೀಟರ್ ನೀರಿದೆ. ಫಿಲ್ಟರ್ ಅಂದ್ರೆ ಎರಡು ಡಬ್ಬ, ಇರೋದು ಕೆಳಗೆ, ಬೀರುವಿನಲ್ಲಿ. ನೀರು ಎಳೆಯೋ ಪೈಪು ತೊಟ್ಟಿಯ ತಳದವರೆಗೆ ಇಳಿದಿದೆ. ಆ ಪೈಪು ಬಿಚ್ಚಿಕೊಂಡ್ರೆ ಏನಾಗುತ್ತೆ? ಮೇಲಿನ ನೀರು ತಾನಾಗೇ ಇಳೀತಾ ಇರುತ್ತೆ. ಪೈಪಿನ ಬಾಯಿ ಗಾಳಿಗೆ ಬರೋವರೆಗೆ ನಿಲ್ಲಲ್ಲ. ಬೆಳಿಗ್ಗೆ ನಿಮ್ಮ ಪೇದೆ ಹಜಾರಕ್ಕೆ ದೋಣಿಯಲ್ಲಿ ಬರಬೇಕಾಗ್ತಿತ್ತು."

ಪೇದೆ ತಲೆ ತಗ್ಗಿಸಿ ಮೀಸೆ ಮುಟ್ಟಿಕೊಂಡ.

"ಎರಡು ಚೊಂಬು ಬರೋದು ಒಂದೇ ಒಂದು ಸಲ. ಪೈಪಿನ ಎರಡೂ ನಲ್ಲಿ ಮೊದಲು ಬಂದ್ ಮಾಡಿ, ಆಮೇಲೆ ಡಬ್ಬದ ಮುಚ್ಚಳ ತೆಗೆದಾಗ. ಕಂದು ಬಣ್ಣ ಅಂದಳಲ್ಲ, ಅದು ತೊಟ್ಟಿಯ ನೀರಲ್ಲ, ಡಬ್ಬದ ಹೊಟ್ಟೆಯ ನೀರು. ನನ್ನ ತಮ್ಮ ಪೈಪು ಬಿಗಿಯೋದು ಮರೆತಿಲ್ಲ. ಭಾನುವಾರ ರಾತ್ರಿ ಯಾರೋ ಬಲಗಡೆಯ ಡಬ್ಬ ತೆರೆದಿದ್ದಾರೆ."

"ತೆರೆದವನು ನಿನ್ನ ತಮ್ಮನೇ ಯಾಕಾಗಬಾರದು?" ಅಳಿಯ ಕೇಳಿದ. "ತೊಳೆಯೋಕೆ ಬಂದವನು ತಾನೆ?"

"ಅವನು ಬಂದದ್ದು ಶನಿವಾರ. ತೊಳೆದದ್ದು ಎಡಗಡೆಯದ್ದನ್ನ."

ಅವಳು ಎಡಬಾಗಿಲು ತೆರೆದಳು. ಒಳಗೆ ಒಂದು ಸಣ್ಣ ಕೊಡದಷ್ಟು ದೊಡ್ಡ ಕಪ್ಪು ಡಬ್ಬ ಸದ್ದಿಲ್ಲದೆ ಓಡುತ್ತಿತ್ತು. ಬಾಗಿಲ ಒಳಮೈಗೆ ಅಂಟಿಸಿದ ಹಾಳೆಯಲ್ಲಿ ತಮ್ಮನ ಕೋಳಿಕಾಲಿನ ಅಕ್ಷರ: ಶನಿವಾರ. ಎಡ ತೊಳೆದದ್ದು, ೨೫. ಬಲ ಮುಟ್ಟಿಲ್ಲ, ೩೦.

"ಎರಡನ್ನೂ ಒಂದೇ ದಿನ ತೊಳೆಯಲ್ಲ ನಾವು. ಮನೆ ಹಾಳಾದ್ರೂ ತೊಳೆಯಲ್ಲ. ನೀರಿನ ಕೊಳಕು ತಿಂದು ಬದುಕೋ ಸೂಕ್ಷ್ಮಜೀವಿಗಳು ಆ ಸ್ಪಂಜಿನಲ್ಲಿ ಮನೆ ಮಾಡಿರ್ತವೆ. ಎರಡೂ ಮನೆ ಒಟ್ಟಿಗೆ ಗುಡಿಸಿದ್ರೆ ಮೀನಿಗೆ ಆಪತ್ತು. ಒಂದು ವಾರ ಎಡ, ಎರಡು ವಾರ ಬಿಟ್ಟು ಬಲ. ಅವನಿಗೆ ಹದಿನಾರು ವರ್ಷ ಇದ್ದಾಗ ಕಿವಿ ಹಿಂಡಿ ಕಲಿಸಿದ್ದು ನಾನು."

"ಈ ಇಪ್ಪತ್ತೈದು, ಮೂವತ್ತು?" ಎಂದರು ಇನ್‌ಸ್ಪೆಕ್ಟರ್.

"ಒಂದು ಬಕೆಟ್ ತುಂಬೋಕೆ ಹಿಡಿಯೋ ಸೆಕೆಂಡು. ಡಬ್ಬದ ಪೆಟ್ಟಿಗೆ ಮೇಲೆ ಗಂಟೆಗೆ ಇಷ್ಟು ಸಾವಿರ ಲೀಟರ್ ಅಂತ ಬರೆದಿರುತ್ತೆ. ಅದು ಗಂಡು ನೋಡೋಕೆ ಹೋದಾಗ ಹೇಳೋ ಸಂಬಳದ ಹಾಗೆ. ಮನೆಗೆ ಬಂದ ಮೇಲೆ ಅರ್ಧ. ಅದಕ್ಕೇ ನಾವು ಬಕೆಟ್ ಹಿಡಿದು ಅಳೀತೀವಿ. ಈಗಲೂ ಅಳೆಯೋಣ. ಗಡಿಯಾರ ನಿಮ್ಮದೇ ಇರಲಿ."

*

ತೊಟ್ಟಿಯ ಎತ್ತರಕ್ಕೆ ಸ್ಟೂಲು ಇಟ್ಟು, ಅದರ ಮೇಲೆ ಬಕೆಟ್ಟಿಟ್ಟು, ಎಡಗಡೆಯ ಡಬ್ಬದಿಂದ ನೀರು ಮರಳುವ ಕೊಳವೆಯ ಬಾಯನ್ನು ಅವಳು ಹೊರಗೆ ತಿರುಗಿಸಿದಳು. ಪೇದೆ ಎಣಿಸಿದ. ಇಪ್ಪತ್ತಾರು.

ಬಕೆಟ್ಟಿನ ನೀರನ್ನು ಮರಳಿ ಸುರಿಯುವಾಗ ಅವಳ ಕೈ ತನ್ನಷ್ಟಕ್ಕೆ ಮೆದುವಾಯಿತು. ಆರು ವರ್ಷದ ಹಿಂದೆ ಈ ಹಜಾರದಲ್ಲಿ ನಿಂತು ದೊಡ್ಡ ಡಾಕ್ಟರ ಜೊತೆ ಜಗಳವಾಡಿದ್ದು ನೆನಪಾಗಿತ್ತು.

ಡಾಕ್ಟರಿಗೆ ಒಂದೇ ಒಂದು ಭಾರೀ ಫಿಲ್ಟರ್ ಬೇಕಿತ್ತು. ಅಳಿಯನಿಗೋ, ನೀರು ಧಬಧಬ ಬೀಳುವ ಜಲಪಾತ ಬೇಕಿತ್ತು, ಬಂದವರು ಬೆರಗಾಗಬೇಕಂತೆ. ಮೀನಕ್ಕ ಇಬ್ಬರಿಗೂ ಸೊಪ್ಪು ಹಾಕಲಿಲ್ಲ. "ನೀರು ಹಾಗೆ ಕುಣಿದರೆ ನೀರೊಳಗಿನ ಗಿಡ ತಿನ್ನೋ ಗಾಳಿಯೆಲ್ಲ ಹಾರಿಹೋಗುತ್ತೆ. ಗಿಡಕ್ಕೆ ತಂಗಾಳಿ ಬೇಕು, ಬಿರುಗಾಳಿಯಲ್ಲ. ಒಂದು ದೊಡ್ಡದರ ಬದಲು ಎರಡು ಮಧ್ಯಮದವು ಹಾಕಿ. ಒಂದು ಕೆಟ್ಟರೆ ಇನ್ನೊಂದು ಜೀವ ಹಿಡಿಯುತ್ತೆ. ಬಲಗಡೆಯದು ಹಿಂಬದಿಯಿಂದ ಎಡಕ್ಕೆ ತಳ್ಳಲಿ, ಎಡಗಡೆಯದು ಮುಂಬದಿಯಿಂದ ಬಲಕ್ಕೆ. ನೀರು ಗಾಣದೆತ್ತಿನ ಹಾಗೆ ಸುತ್ತಬೇಕು. ಮೂಲೆಯಲ್ಲಿ ಎಲ್ಲೂ ನಿಲ್ಲಬಾರದು."

ಡಾಕ್ಟರು ಸೋತು ನಕ್ಕಿದ್ದರು. "ನನ್ನ ಆಪರೇಷನ್ ಥಿಯೇಟರಿನಲ್ಲೂ ಯಾರೂ ನನಗೆ ಇಷ್ಟು ಎದುರು ಮಾತಾಡಲ್ಲಮ್ಮ."

ಕಣ್ಣಿನ ಪಟ್ಟಿ ಬಿಚ್ಚಿದ ಪ್ರತಿಯೊಬ್ಬ ರೋಗಿಯನ್ನೂ ಅವರು ಕೈಹಿಡಿದು ಈ ತೊಟ್ಟಿಯ ಮುಂದೆ ತಂದು ನಿಲ್ಲಿಸುತ್ತಿದ್ದರು. "ಹೇಳಿ, ಎಷ್ಟು ಮೀನು?" ಕೆಂಪು ಬಾಲದ ಪುಟಾಣಿ ಮೀನುಗಳು ಹಸಿರಿನ ನಡುವೆ ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದವು. ಸರಿಯಾಗಿ ಎಣಿಸಿದವರು ಯಾರೂ ಇಲ್ಲ. ಎಣಿಸುತ್ತ ಎಣಿಸುತ್ತ ಅತ್ತವರು ಮಾತ್ರ ಬಹಳ. ಕತ್ತಲೆಯಿಂದ ಬಂದವರು ಮೊದಲು ನೋಡಬೇಕಾದ್ದು ಸುಣ್ಣದ ಗೋಡೆಯಲ್ಲ ಎನ್ನುತ್ತಿದ್ದರು ಡಾಕ್ಟರು.

"ಮುಂದೇನು?" ಇನ್‌ಸ್ಪೆಕ್ಟರ ಮೆಲುದನಿ.

ಬಲಗಡೆಯ ಕೊಳವೆ. ಪೇದೆ ಎಣಿಸಿದ. ಮೂವತ್ತು ದಾಟಿತು. ನಲವತ್ತು. ಬಕೆಟ್ಟಿನ ಅರ್ಧ ದಾಟಿ ಸ್ವಲ್ಪ ಮೇಲಿತ್ತು, ಅಷ್ಟೆ. ಅರವತ್ತೆರಡಕ್ಕೆ ತುಂಬಿತು.

"ಐದು ದಿನದಲ್ಲಿ ಮೂವತ್ತಿದ್ದದ್ದು ಅರವತ್ತೆರಡು. ಕೊಳೆ ಕಟ್ಟಿ ಹೀಗಾಗೋಕೆ ಮೂರು ತಿಂಗಳು ಬೇಕು. ಹಿಂದಿನ ಸಾಲಿನ ಉದ್ದ ಎಲೆಗಳನ್ನ ನೋಡಿ ಸಾರ್. ಯಾವಾಗಲೂ ಎಡಕ್ಕೆ ಬಾಗಿರ್ತಿದ್ದವು, ಇವತ್ತು ಶಾಲೆ ಮಕ್ಕಳ ಹಾಗೆ ನೆಟ್ಟಗೆ ನಿಂತಿವೆ. ನಾನು ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವೇ ನನಗೆ ಹೇಳಿದ್ದು. ಆ ಡಬ್ಬದೊಳಗೆ ನೀರಿಗೆ ಅಡ್ಡ ಏನೋ ಕೂತಿದೆ."

ಅಳಿಯ ಒಂದು ಹೆಜ್ಜೆ ಮುಂದೆ ಬಂದ. ಅವನ ಕಣ್ಣು ಬಲಬಾಗಿಲಿನ ಮೇಲಿತ್ತು. ಅದರಲ್ಲಿ ಭಯವಿರಲಿಲ್ಲ, ಹಸಿವಿತ್ತು.

ಆಗ ಮೀನಕ್ಕ ಮನಸ್ಸಿನ ಗಂಟು ಬಿಚ್ಚಿದಳು.

"ಅಳಿಯಂದ್ರೇ, ತೊಟ್ಟಿ ಎಸೆಯೋರಿಗೆ ಜರಡಿ ಯಾಕೆ ಬೇಕಾಯ್ತು?"

"ಏನು?"

"ಜರಡಿ. ಅಲ್ಲಿದೆಯಲ್ಲ, ಹೊಸದು."

ಪಂಪಿನವನೊಬ್ಬ ಅಮಾಯಕನಾಗಿ ಬಾಯಿ ಬಿಟ್ಟ. "ಸಾರೇ ಹೇಳಿದ್ದು ಅಕ್ಕ. ಮರಳನ್ನೆಲ್ಲ ಜರಡಿ ಹಿಡಿದು, ಅವರಿಗೆ ತೋರಿಸಿ, ಆಮೇಲೆ ಗೋಣಿಗೆ ತುಂಬಬೇಕಂತೆ."

"ಮರಳಲ್ಲಿ ಮೀನು ಸಿಕ್ಕಿಹಾಕಿಕೊಂಡಿರುತ್ತಲ್ಲ, ಪಾಪ ಅಂತ…" ಅಳಿಯ ತಡವರಿಸಿದ.

"ಈ ತೊಟ್ಟಿಯಲ್ಲಿ ಮರಳು ತೋಡೋ ಮೀನು ಒಂದೂ ಇಲ್ಲ. ಬಿಟ್ಟವಳು ನಾನು. ಹೆಂಡತಿಗೆ ಹೆದರಿಕೆ, ತೊಟ್ಟಿ ಜೀವ ತೆಗೀತು, ಎಲ್ಲ ಬರೀ ಮಾತು. ನಿಮ್ಮ ಮಾವ ಇದರೊಳಗೆ ಏನೋ ಬಚ್ಚಿಟ್ಟಿದ್ದಾರೆ ಅಂತ ನಿಮಗೆ ಗೊತ್ತು. ಎಲ್ಲಿ ಅಂತ ಗೊತ್ತಿಲ್ಲ. ಅದಕ್ಕೆ ಬೆಟ್ಟ ಅಗೀತಿದೀರಿ."

"ಬಾಯಿಗೆ ಬಂದ ಹಾಗೆ ಮಾತಾಡಬೇಡ! ನಿನ್ನ ತಮ್ಮ ಒಳಗಿದ್ದಾನೆ, ಜ್ಞಾಪಕ ಇರಲಿ."

"ಅದೊಂದೇ ಜ್ಞಾಪಕ ಇರೋದು, ಮೂರು ದಿನದಿಂದ. ಅನ್ನ ನೀರು ಎಲ್ಲ ಮರೆತಿದೆ."

"ಸಾಕು," ಎಂದರು ಇನ್‌ಸ್ಪೆಕ್ಟರ್. ಕನ್ನಡಕ ಒರೆಸಿ ಹಾಕಿಕೊಂಡರು. "ಜಗಳ ಯಾಕೆ? ತೆರೆದು ನೋಡೋಣ."

ಅವರೇ ಬಗ್ಗಿ ಬಲಬಾಗಿಲು ತೆರೆದರು. ಮೀನಕ್ಕ ಆಗಲೇ ನೆಲಕ್ಕೆ ಕೂತು, ಟವೆಲು ಹಾಸಿ, ತೋಳು ಮೇಲೇರಿಸಿಕೊಂಡಿದ್ದಳು.

*

ಪ್ಲಗ್ ಕಿತ್ತು, ಎರಡೂ ನಲ್ಲಿ ಬಂದ್ ಮಾಡಿ, ನಾಲ್ಕು ಕ್ಲಿಪ್ ಬಿಚ್ಚಿ ಮುಚ್ಚಳ ಎತ್ತಿದಳು. ಟವೆಲಿನ ಮೇಲೆ ಸುರಿದದ್ದು ಎರಡು ಚೊಂಬು ಕಂದು ನೀರು. "ನೋಡು, ಅದೇ! ಅದೇ ವಾಸನೆ!" ಎಂದಳು ಆಯಾ.

ಮೊದಲನೆಯ ಬುಟ್ಟಿ, ಒರಟು ಸ್ಪಂಜು. ಎರಡನೆಯದು, ಮೆತ್ತನೆಯದು. ಮೂರನೆಯದರಲ್ಲಿ ಬೆರಳುಗುರಿನಷ್ಟು ಗಾತ್ರದ ಸುಟ್ಟ ಮಣ್ಣಿನ ಉಂಗುರಗಳಿರಬೇಕಿತ್ತು, ತುಂಬ. ಇದ್ದದ್ದು ಒಂದು ಹಿಡಿ. ಉಳಿದ ಜಾಗದಲ್ಲಿ ಬಿಗಿಯಾಗಿ ಕೂತಿತ್ತು ಒಂದು ಅಗಲ ಬಾಯಿಯ ಗಾಜಿನ ಸೀಸೆ.

ಸೀಸೆಯ ಮುಚ್ಚಳದ ಸುತ್ತ ಹಸಿರು ದಾರ. ತೊಟ್ಟಿಯೊಳಗಿನ ಮರದ ಕೊರಡಿಗೆ ಪಾಚಿ ಕಟ್ಟಲು ಅವಳೇ ಬಳಸುವ ದಾರ. ಆ ದಾರದುಂಡೆ ಇರುವುದು ತಮ್ಮನ ಚೀಲದಲ್ಲಿ.

ಹೆಬ್ಬೆರಳಿನಿಂದ ಗಂಟನ್ನು ತಡವಿದಳು. ಎರಡು ಸುತ್ತು ಒಂದು ಕಡೆಗೆ, ಮೂರನೆಯದು ಎದುರು ದಿಕ್ಕಿಗೆ. ಎಳೆದಷ್ಟೂ ಬಿಗಿಯುವ ಗಂಟು.

ತಮ್ಮನಿಗೆ ಬರುವುದು ಹೂಕಟ್ಟುವ ಗಂಟು ಮಾತ್ರ. ಈ ಗಂಟು ಗಾಯ ಹೊಲಿಯುವವರದ್ದು. ಒಂದು ಮಧ್ಯಾಹ್ನ ಇದೇ ತೊಟ್ಟಿಯ ಮುಂದೆ ಕೂತು, "ನಿನ್ನ ಗಂಟು ನೋಡಿದರೆ ನನ್ನ ರೋಗಿಗಳು ಓಡಿಹೋಗ್ತಾರೆ, ತಾ ಇಲ್ಲಿ" ಎಂದು ದಾರ ಕಸಿದುಕೊಂಡು, ಪಾಚಿ ಕಟ್ಟಿ ತೋರಿಸಿ, ಉಳಿದ ದಾರವನ್ನು ಜೇಬಿಗಿಳಿಸಿದ ಎಪ್ಪತ್ತು ವರ್ಷದ ಬೆರಳುಗಳನ್ನು ಅವಳು ಹೇಗೆ ಮರೆತಾಳು?

"ದೊಡ್ಡ ಡಾಕ್ಟರು ಕಟ್ಟಿದ್ದು," ಎಂದಳು. "ಡಬ್ಬ ತೆರೆದವರು ಅವರೇ."

ಅಳಿಯನ ಮುಖದಲ್ಲಿ ನಗು ಮೂಡಿತು. ಈ ಮೂರು ದಿನದಲ್ಲಿ ಮೊದಲನೆಯದು.

"ನೋಡಿದ್ಯಾ? ಅವರೇ ತೆರೆದ್ರು, ಅವರೇ ನೀರು ಚೆಲ್ಲಿದ್ರು, ಅವರೇ ಜಾರಿದ್ರು. ಯಾರದ್ದೂ ತಪ್ಪಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ನಿನ್ನ ತಮ್ಮ ಸಂಜೆಯೊಳಗೆ ಮನೇಲಿರ್ತಾನೆ. ತೊಟ್ಟಿನೂ ಬೇಕಾದ್ರೆ ಇರಲಿ. ಆ ಸೀಸೆ ಮನೆತನದ್ದು, ಕೊಡು."

ತಮ್ಮ ಸಂಜೆಯೊಳಗೆ ಮನೆಯಲ್ಲಿ. ಅದಕ್ಕೇ ತಾನೇ ಅವಳು ಬಂದದ್ದು? ಸೀಸೆ ಚಾಚಿದರೆ ಮುಗಿಯಿತು. ಅವಳ ಕೈ ಒಂದು ಗೇಣು ಮುಂದೆ ಹೋದದ್ದೂ ನಿಜ.

ಅಲ್ಲೇ ನಿಂತಿತು.

"ಆಯಮ್ಮಾ, ಡಾಕ್ಟರು ಎಲ್ಲಿ ಬಿದ್ದಿದ್ರು?"

"ಆ ತುದೀಲಿ, ಮೆಟ್ಟಿಲ ಹತ್ತಿರ. ತಲೆ ಎಡಬಾಗಿಲ ಕಡೆ."

"ಕಾಲು ಒದ್ದೆಯಾಗಿತ್ತಾ?"

"ಇಲ್ಲವ್ವ. ಕಾಲುಚೀಲ ಒಣಗಿತ್ತು. ನಾನೇ ತೆಗೆದದ್ದು."

"ಒಣ ಕಾಲುಚೀಲದಲ್ಲಿ, ನೀರಿಂದ ಎಂಟಡಿ ಆಚೆ ಜಾರಿದರಾ ಅಳಿಯಂದ್ರೇ?" ಸೀಸೆಯನ್ನು ಎದೆಗೆ ಅವಚಿಕೊಂಡಳು. "ನನ್ನ ತಮ್ಮ ಬಿಡುಗಡೆ ಆಗಬೇಕು. ಆದ್ರೆ ತಪ್ಪು ಮಾಡಿಲ್ಲ ಅಂತ ಆಗಬೇಕು, ನಿಮ್ಮ ದಯೆಯಿಂದಲ್ಲ. ಡಾಕ್ಟರನ್ನ ಯಾರು ತಳ್ಳಿದ್ರೋ ಗೊತ್ತಾಗೋವರೆಗೆ ಇದು ನಿಮ್ಮ ಕೈಗೆ ಬರಲ್ಲ."

ಯಾರಾದರೂ ತಡೆಯುವ ಮೊದಲೇ ದಾರವನ್ನು ಹಲ್ಲಿನಿಂದ ಕಡಿದು ಮುಚ್ಚಳ ತಿರುಗಿಸಿದಳು. ಒಳಗೆ ಹತ್ತಿಯಲ್ಲಿ ಸುತ್ತಿದ, ಉಗುರಿನಷ್ಟೇ ಗಾತ್ರದ ಮೆಮೊರಿ ಕಾರ್ಡು. ಜೊತೆಗೆ ಔಷಧಿ ಚೀಟಿಯ ಹಾಳೆ, ನಾಲ್ಕಾಗಿ ಮಡಚಿದ್ದು. ಬಿಡಿಸಿದಳು. ಕಣ್ಣು ಮಂಜಾದವರಿಗೂ ಓದಲು ಬರಲೆಂದು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುವ ಡಾಕ್ಟರ ಅಕ್ಷರ. ಒಂದೇ ಸಾಲು.

'ಮೀನಕ್ಕಾ, ಇದು ನಿನಗೇ ಸಿಗುತ್ತದೆಂದು ಗೊತ್ತು. ಪೊಲೀಸರ ಕೈಗೆ ಕೊಡಬೇಡಮ್ಮ.'

"ಏನು ಬರೆದಿದೆ?" ತಲೆಯ ಮೇಲಿನಿಂದ ಮೆಲುದನಿ ಬಂತು.

ಅವಳು ತಲೆ ಎತ್ತಲಿಲ್ಲ. ಅವಳ ಕಣ್ಣು ಬಲಬಾಗಿಲಿನ ಮೇಲೆ ನಿಂತಿತ್ತು. ಅಗಲವಾಗಿ ತೆರೆದುಕೊಂಡ ಹಟಮಾರಿ ಬಾಗಿಲು. ಅಳಿಯ ಒದ್ದರೂ ಬರಲಿಲ್ಲ. ಆಯಾಗೆ ಇಷ್ಟು ವರ್ಷದಲ್ಲಿ ಬಗ್ಗಲಿಲ್ಲ. ಯಾರೂ ಮುಟ್ಟಿಲ್ಲ ಎಂದ ಈ ಇನ್‌ಸ್ಪೆಕ್ಟರ್ ಬಂದು, ಮಂಡಿಯಲ್ಲಿ ಒತ್ತಿ, ಮೇಲೆತ್ತಿ, ಒಂದೇ ಎಳೆತಕ್ಕೆ ತೆಗೆದಿದ್ದ.

ಹಿಂದೊಂದು ದಿನ ತೆಗೆದು ನೋಡಿದವನ ಹಾಗೆ. ನೋಡಿ, ಡಬ್ಬ ತೆರೆಯುವುದು ತಿಳಿಯದೆ ಬರಿಗೈಯಲ್ಲಿ ಹೋದವನ ಹಾಗೆ.

ಕಾಲು ಗಂಟೆ ಯಾಕೆ ಕೊಟ್ಟನೆಂದು ಈಗ ಅರ್ಥವಾಯಿತು. ಜರಡಿ ಹಿಡಿದರೂ ಸಿಗಲಾರದ್ದನ್ನು ಅವಳು ತನ್ನ ಕೈಯಾರೆ ಹುಡುಕಿ ಕೊಟ್ಟಿದ್ದಳು.

"ಕೊಡಮ್ಮ ಇಲ್ಲಿ." ಕೈ ಚಾಚಿತ್ತು. ಉಗುರು ನೀಟಾಗಿ ಕತ್ತರಿಸಿದ, ಸ್ವಲ್ಪವೂ ನಡುಗದ ಕೈ. "ನಿಮ್ಮ ತಮ್ಮ ಇನ್ನೂ ನಮ್ಮ ಹತ್ತಿರಾನೇ ಇದ್ದಾನೆ."

ಹಿಂದೆ ಪೇದೆ ಹಜಾರದ ಬಾಗಿಲಿನ ಚಿಲಕ ಹಾಕಿದ ಸದ್ದು ಕೇಳಿತು.

ಮೀನಕ್ಕ ಚೀಟಿ ಮಡಚಿದಳು. ಕಾರ್ಡನ್ನು ಅದರೊಳಗಿಟ್ಟು ಒದ್ದೆ ಮುಷ್ಟಿ ಬಿಗಿದಳು. ಎದ್ದು ನಿಂತಳು, ಎಂಬತ್ತೆರಡು ಕೆ.ಜಿ. ಪೂರ್ತಿ.

"ಇದು ನನ್ನ ಹೆಸರಿಗೆ ಬಂದ ಪತ್ರ ಸಾರ್. ಕೊಡಲ್ಲ."